ಬಾಡದ ಹೊನ್ನೆ ಮರದ ಸುತ್ತಳತೆ

೧೯೬೪ನೇ ಇಸವಿ ನವೆಂಬರ್ ೧೫, ಭಾನುವಾರ, ಬೆಳಿಗ್ಗೆ ಏಳು ಗಂಟೆ ಹತ್ತು ನಿಮಿಷ. ಬಾಡದ ಕಡಲ ದಂಡೆಯ ಹೊನ್ನೆ ಮರದ ತುದಿಯಲ್ಲಿ ಕಡಲ ಹದ್ದು ಕಾವಿಗೆ ಕೂತಿತ್ತು. ಮಂಗಲಾ ದುರ್ಬೀನು ಇಳಿಸಿ ಅಷ್ಟನ್ನು ಬರೆದುಕೊಂಡಳು. 'ಹೆಣ್ಣು ಹಕ್ಕಿ' ಎಂದು ಬರೆಯಲು ಹೊರಟ ಕೈಯನ್ನು ತಡೆದಳು. ಈ ಹಕ್ಕಿಗಳಲ್ಲಿ ಗಂಡೂ ಕಾವಿಗೆ ಕೂರುತ್ತದೆ. ಕೆಳಗಿನಿಂದ ನೋಡಿ ಹೇಳುವುದು ಹೇಗೆ? ಗೊತ್ತಿಲ್ಲದ್ದನ್ನು ಬರೆಯಬಾರದು. ಧಾರವಾಡದ ಕಾಲೇಜಿನಲ್ಲಿ ಕಲಿತ ವಿಜ್ಞಾನದಲ್ಲಿ, ಕುಮಟೆಯಲ್ಲಿ ಹೈಸ್ಕೂಲು ಶಿಕ್ಷಕಿಯಾದ ಮೇಲೆ ದಿನಾ ಉಪಯೋಗಕ್ಕೆ ಬರುತ್ತಿದ್ದದ್ದು ಈ ಒಂದು ಪಾಠ.

ಮರದ ಬುಡಕ್ಕೆ ಚಿರೆಕಲ್ಲಿನ ಅಗಲ ಕಟ್ಟೆ. ಕಟ್ಟೆಯ ಮೇಲೆಲ್ಲ ಮೀನಿನ ಮುಳ್ಳು, ಕಡಲ ಹಾವಿನ ಒಣಗಿದ ಬೆನ್ನೆಲುಬು. ಮೇಲಿನ ಗೂಡಿನವರ ಊಟದ ಎಂಜಲು. ಕಟ್ಟೆಯ ಒಂದು ಮೂಲೆಯಲ್ಲಿ ಮರ ಕಡಿಯುವ ಬೀರ ಕೂತು ಕೊಡಲಿ ಮಸೆಯುತ್ತಿದ್ದ. ಮಸೆಯುವ ಸದ್ದಿಗೆ ಮಂಗಲಾಳ ಹಲ್ಲು ಜುಂ ಎನ್ನುತ್ತಿತ್ತು.

"ಬೀರಣ್ಣ, ಅದನ್ನ ಮಸೆಯೂದಕ್ಕೆ ಬೇರೆ ಜಾಗ ಸಿಗ್ಲಿಲ್ವ?"

"ಎಂತ ಮಾಡೂದು ಅಕ್ಕೋರೇ. ಒಡೆಯರು ನಾಳೆಗೆ ತಯಾರಿರು ಅಂದ್ರು. ನಿಮ್ಮ ಅಳತೆ ಹೆಚ್ಚು ಬಂದ್ರೆ ಇದೇ ಕೊಡಲಿ ಮನೆಗೆ ಹೋಗಿ ಕಟ್ಟಿಗೆ ಒಡೀತದೆ. ಅದಕ್ಕೂ ಮಸೀಲೇಬೇಕಲ್ಲ."

ಮರದ ಒಡೆಯ ನಾಗಪತಿ. ಹೊಸ ದೋಣಿ ಕಟ್ಟಿಸುತ್ತಿದ್ದ. ಅದರ ಅಡಿಗೆ ಹಾಕಲು ಹೊನ್ನೆಯಂಥ ಮರ ಇನ್ನೊಂದಿಲ್ಲ. ಹಾಗೆಂದು ಅವನು ಕಂಡಲ್ಲಿ ಕಡಿಯುವವನಲ್ಲ. 'ಬೆಳೆಯೂ ಮರ ಕಡಿಯೂದಿಲ್ಲ, ಒಣಗೂ ಮರ ಬಿಡೂದಿಲ್ಲ' ಎಂಬುದು ಅವನ ಅಪ್ಪನ ಕಾಲದಿಂದ ಬಂದ ಮಾತು. ಹೊನ್ನೆ ಮರ ಒಣಗುತ್ತಿದೆ ಎಂದು ಅವನಿಗೆ ತಿಳಿಸಿದವರು ಯಾರು ಎಂದರೆ, ಹಣೆ ಚಚ್ಚಿಕೊಳ್ಳಬೇಕು, ಸ್ವತಃ ಮಂಗಲಾ.

ಅದರ ಕಥೆ ಹೀಗೆ. ಮೂರು ಊರುಗಳಿಗೆ ಸೇರಿ ಹಕ್ಕಿ, ಗಿಡ ನೋಡುವವರದ್ದೊಂದು ಸಂಘವಿತ್ತು. ಸಂಘಕ್ಕೆ ಇದ್ದವರು ಮೂವರೇ. ಕುಮಟೆಗೆ ಮಂಗಲಾ, ಹೊನ್ನಾವರಕ್ಕೆ ದವಾಖಾನೆಯ ಕಂಪೌಂಡರ್ ಪಾಂಡು, ಭಟ್ಕಳಕ್ಕೆ ಬಟ್ಟೆ ಅಂಗಡಿಯ ಮೀರಾನ್ ಸಾಹೇಬರು. ಮೂವರೂ ಒಂದೇ ಹಕ್ಕಿಯ ಬಗ್ಗೆ ಒಂದೇ ವಾರಪತ್ರಿಕೆಗೆ ಪತ್ರ ಬರೆದಿದ್ದರು. ಪತ್ರಿಕೆಯವರು ಒಂದನ್ನೂ ಅಚ್ಚು ಹಾಕದೆ, ಒಬ್ಬರ ವಿಳಾಸವನ್ನು ಇನ್ನೊಬ್ಬರಿಗೆ ಕೊಟ್ಟು ಕೈತೊಳೆದುಕೊಂಡಿದ್ದರು. ಅಲ್ಲಿಂದ ಶುರುವಾಯಿತು. ಕಂಡ ಹಕ್ಕಿ, ಹೂಬಿಟ್ಟ ಗಿಡ, ದಡಕ್ಕೆ ಬಿದ್ದ ಆಮೆ ಎಲ್ಲವನ್ನೂ ಬರೆದ ಕಾಗದದ ಕಟ್ಟೊಂದು ಬಸ್ಸಿನ ಕಂಡಕ್ಟರರ ಕೈಯಲ್ಲಿ, ಶರಾವತಿ ದಾಟುವ ತಾರಿಯಲ್ಲಿ, ಊರಿಂದ ಊರಿಗೆ ತಿರುಗುತ್ತಿತ್ತು.

ತಿರುಗಿ ಬಂದ ಕಟ್ಟು ಬಿಚ್ಚಿದಾಗೆಲ್ಲ ಮಂಗಲಾಳ ರಕ್ತದೊತ್ತಡ ಏರುತ್ತಿತ್ತು. ಪಾಂಡು ಹಕ್ಕಿಯನ್ನು ನೋಡಿದರೂ ಅದು ಯಾವ ರೋಗಕ್ಕೆ ಮದ್ದು ಎಂದು ಬರೆಯದೆ ಬಿಡುವವನಲ್ಲ. ಸಾಹೇಬರು ಹೊತ್ತು ಬರೆಯುವುದನ್ನು ಮರೆತು, 'ಬೆನ್ನಿನ ಬಣ್ಣ ತೊಳೆದರೂ ಹೋಗದಂಥ ಗಟ್ಟಿ ನೀಲಿ' ಎಂದು ಬರೆಯುವವರು. ಎತ್ತು ಏರಿಗೆ, ಕೋಣ ನೀರಿಗೆ. ಹಕ್ಕಿಯ ವಿಷಯದಲ್ಲಿ ಇವರಿಬ್ಬರನ್ನೂ ನಂಬುವುದು ಕಷ್ಟವೆಂದೇ ಮಂಗಲಾ ಮರಗಳನ್ನು ಹಿಡಿದಳು. ಮರ ಹಾರಿಹೋಗುವುದಿಲ್ಲ, ಟೇಪು ಸುತ್ತಿದರೆ ಮುಗಿಯಿತು. 'ಎದೆಮಟ್ಟದಲ್ಲಿ ಸುತ್ತಳತೆ ತೆಗೆಯತಕ್ಕದ್ದು' ಎಂದು ನಿಯಮ ಬರೆದು ಕಳಿಸಿದಳು. ಒಬ್ಬರದೇ ಕೈದೋಷ ಸೇರದಿರಲೆಂದು ವರ್ಷಕ್ಕೊಬ್ಬರ ಸರದಿ ಮಾಡಿದಳು. ಈ ಸರದಿಯ ಬಗ್ಗೆ ಅವಳಿಗೆ ಒಳಗೊಳಗೇ ಹೆಮ್ಮೆ.

ಮೂವರೂ ಒಟ್ಟಿಗೆ ಅಳೆದದ್ದು ಒಮ್ಮೆಯೂ ಇಲ್ಲ. ಮದುವೆಯಾಗದ ಅಕ್ಕೋರು ಇಬ್ಬರು ಗಂಡಸರ ಸಂಗಡ ಕಡಲ ದಂಡೆಯಲ್ಲಿ ತಿರುಗಿದಳೆಂದರೆ ಕುಮಟೆಯ ಪೇಟೆಗೆ ಮಳೆಗಾಲ ಮುಗಿಯುವವರೆಗೂ ಮಾತು ಸಾಕಾಗುತ್ತಿತ್ತು. ಆದ್ದರಿಂದ ಅವರವರ ಸರದಿಗೆ ಅವರವರೇ ಬಂದು ಅಳೆದು ಹೋಗುವುದು, ಮರದ ಒಡೆಯನಿಗೆ ಮರ್ಯಾದೆಗೆ ಒಂದು ಪ್ರತಿ ಕೊಡುವುದು.

ನಾಗಪತಿ ಆ ಮೂರು ಕಾಗದಗಳನ್ನೂ ಜೋಪಾನವಾಗಿ ಇಟ್ಟುಕೊಂಡಿದ್ದ. ೧೯೬೧ರಲ್ಲಿ ಮಂಗಲಾ ಅಳೆದದ್ದು ೩೦೨ ಸೆಂಟಿಮೀಟರ್. ಮರುವರ್ಷ ಪಾಂಡು ಅಳೆದದ್ದು ೨೯೭. ಅದರ ಮರುವರ್ಷ ಸಾಹೇಬರದ್ದು ೨೯೧.

"ಮರ ಸೊರಗ್ತಾ ಅದೆ ಅಕ್ಕೋರೇ," ಎಂದಿದ್ದ ಹೋದ ವಾರ ಕುಮಟೆಯ ಸಂತೆಯಲ್ಲಿ ಸಿಕ್ಕಾಗ. "ನಮ್ಮ ಅತ್ತೆ ಹೋಗೂ ಮೊದಲು ಹೀಗೇ ಆಗಿತ್ತು, ವರ್ಷ ವರ್ಷಕ್ಕೆ ಬಳೆ ಸಡ್ಲ. ಒಳಗೆ ಟೊಳ್ಳು ಬೀಳೂ ಮೊದಲೇ ಕಡಿಸ್ತೆ."

"ಮರ ಹಾಗೆಲ್ಲ ಸೊರಗೂದಿಲ್ಲ. ಹೆಚ್ಚಂದ್ರೆ ಬೆಳೆಯೂದು ನಿಲ್ತದೆ."

"ಹಾಗಾದ್ರೆ ನಿಮ್ಮ ಕಾಗದ ಸುಳ್ಳ?"

ಅವಳು ಮಾತು ತಿರುಗಿಸಿ, ಗೂಡಿನಲ್ಲಿ ಮೊಟ್ಟೆಯಿದೆ ಎಂದಳು. ಹದ್ದಿಗೆ ಮರಕ್ಕೇನು ಬರಗಾಲ ಎಂದ. ಕಡೆಗೆ, ಭಾನುವಾರ ಮೂವರೂ ಬಂದು ತನ್ನ ಕಣ್ಣೆದುರು ಅಳೆಯಲಿ, ಬೆಳೆದಿದ್ದರೆ ಮುಟ್ಟುವುದಿಲ್ಲ, ಇಲ್ಲದಿದ್ದರೆ ಸೋಮವಾರ ಕೊಡಲಿ, ಎಂದು ಮಾತಾಯಿತು. ಪೇಟೆಯ ಮಾತು ಹಾಳಾಗಿ ಹೋಗಲಿ ಎಂದು ಮಂಗಲಾ ಇಬ್ಬರಿಗೂ ತಂತಿ ಕೊಟ್ಟಳು.

ಏಳಕ್ಕೆ ಬನ್ನಿ ಎಂದು ತಂತಿಯಲ್ಲಿತ್ತು. ಎಂಟು ದಾಟಿದ ಮೇಲೆ ಮರಳಿನ ದಾರಿಯಲ್ಲಿ ಇಬ್ಬರೂ ಕಾಣಿಸಿದರು. ಮುಂದೆ ಪಾಂಡು, ಮಟ್ಟಸ ಆಳು. ಹಿಂದೆ ಮೀರಾನ್ ಸಾಹೇಬರು, ತೆಂಗಿನ ಮರಕ್ಕೆ ಶರ್ಟು ತೊಡಿಸಿದಂತೆ. ಇಬ್ಬರೂ ಜಗಳಾಡುತ್ತಲೇ ಬಂದರು.

"ಅಕ್ಕೋರೇ, ಸಾಹೇಬ್ರು ದಾರಿ ಮೇಲೆ ಸಿಕ್ಕಿದ ಪ್ರತಿ ಬೇಲಿಗೂ ಸಲಾಮು ಹೊಡೀತಾ ಬಂದ್ರೆ ತಡ ಆಗದೆ ಎಂತ ಆಗೂದು."

"ಬೇಲಿಗಲ್ಲ ಬಾಯೋರೇ, ಬೇಲಿ ಮೇಲಿನ ಹಕ್ಕಿಗೆ. ಕಂಪೌಂಡರ್ರು ಅದನ್ನ ಕಷಾಯಕ್ಕೆ ಹಾಕೂ ಮೊದಲು ನೋಡಿಕೊಳ್ಳುವಾ ಅಂತ."

"ಹೊತ್ತು ಬರೆದ್ರಾ?" ಎಂದಳು ಮಂಗಲಾ.

ಸಾಹೇಬರು ಕಡಲಿನ ಕಡೆ ನೋಡಿದರು.

ಅಷ್ಟರಲ್ಲಿ ನಾಗಪತಿಯೂ ಬಂದ. ಮೂರು ಕಾಗದಗಳನ್ನು ತಲೆಯ ಟೊಪ್ಪಿಯೊಳಗಿಂದ ತೆಗೆದು, ಮೊಣಕಾಲ ಮೇಲೆ ಹರವಿ, "ಆತು, ಶುರು ಮಾಡಿ," ಎಂದ.

ಪಾಂಡು ಚಪ್ಪಲಿ ಬಿಟ್ಟು ಕಟ್ಟೆ ಹತ್ತಿದ. ಟೇಪಿನ ತುದಿಯನ್ನು ಬೀರ ಹಿಡಿದ. ಸುತ್ತಿ ಬಂದು ಪಾಂಡು ಓದಿದ: "ಇನ್ನೂರ ತೊಂಬತ್ತೆಂಟೂವರೆ. ಹೋದ ವರ್ಷ ಇನ್ನೂರ ತೊಂಬತ್ತೊಂದು. ಏಳೂವರೆ ಬೆಳೆದದೆ, ನೋಡಿ ಒಡೆಯರೇ."

ನಾಗಪತಿ ಮೀಸೆ ಸವರಿದ. "ಒಂದೇ ವರ್ಷಕ್ಕೆ ಏಳೂವರೆ? ಇದು ಹೊನ್ನೆ ಮರವಾ, ಕುಂಬಳಕಾಯಾ? ಸಾಹೇಬ್ರೇ, ನೀವು ಹತ್ತಿ."

ಸಾಹೇಬರು ಹತ್ತಿ, ಅಂಗಡಿಯ ಗತ್ತಿನಲ್ಲಿ ಟೇಪು ಎಳೆದು, ಓದಿದರು. "ಇನ್ನೂರ ತೊಂಬತ್ತೆರಡು."

ಬೀರ ಒಮ್ಮೆ ಕೆಮ್ಮಿದ.

"ಎಲೆ ಅಡಿಕೆ ಹಾಕೂದ್ರೊಳಗೆ ಆರೂವರೆ ಇಳೀತು," ಎಂದ ನಾಗಪತಿ. "ಅಕ್ಕೋರೇ, ನಿಮ್ಮ ಮೇಲೆ ನನಗೆ ಮರ್ಯಾದೆ ಅದೆ. ಆದ್ರೆ ಇವರು ಬೆಳೀತು ಅಂದ್ರೂ ನಂಬೂದು ಹೆಂಗೆ, ಇಳೀತು ಅಂದ್ರೂ ನಂಬೂದು ಹೆಂಗೆ? ನನ್ನ ಕಣ್ಣಿಗೆ ಕೊಂಬೆ ಒಣಗಿದ್ದು ಕಾಣ್ತದೆ. ಬೀರಾ, ನಾಳೆ ಬೆಳಿಗ್ಗೆ ಬಾ."

"ನೀವು ಟೇಪು ಸಡ್ಲ ಹಿಡಿದ್ರಿ," ಎಂದರು ಸಾಹೇಬರು ಪಾಂಡುವಿಗೆ.

"ನೀವು ಮರದ ಕುತ್ತಿಗೆ ಹಿಸುಕಿದ್ರಿ."

"ಮೂವತ್ತು ವರ್ಷ ಅಳತೆ ಮಾಡಿ ಅನ್ನ ತಿಂದವ ನಾನು."

"ಆ ಅಳತೆ ನಮ್ಮ ಮನೆಯಲ್ಲೂ ಅದೆ. ಒಂದು ಸಲ ತೊಳೆದ್ರೆ ಅಂಗಿ ಹೊಕ್ಕಳಿನ ಮೇಲೆ."

"ಸುಮ್ಮನಿರ್ತೀರಾ ಇಬ್ಬರೂ," ಎಂದಳು ಮಂಗಲಾ. ತರಗತಿಯ ಹಿಂದಿನ ಬೆಂಚಿಗೆ ಹೇಳುವ ದನಿಯೇ ಬಂತು. ಮೂರು ವರ್ಷದ ಕೆಲಸ ಬೀರನ ಕೊಡಲಿಯ ಮುಂದೆ ಹೀಗೆ ನಗೆಪಾಟಲಾಗುವುದನ್ನು ನೋಡಲಾರದೆ ಅವಳು ಕಟ್ಟೆ ಹತ್ತಿದಳು. ಸಾಹೇಬರು ಇನ್ನೂ ಟೇಪು ಬಿಟ್ಟಿರಲಿಲ್ಲ. ಎಷ್ಟು ಬಿಗಿ ಎಳೆದಿದ್ದಾರೆ ಎಂದು ನೋಡಲು ಹತ್ತಿರ ಹೋದಳು. ಟೇಪು ಅವಳ ನೆತ್ತಿಯ ಮಟ್ಟಕ್ಕೆ ಇತ್ತು.

ಮಂಗಲಾ ಅಲ್ಲೇ ನಿಂತಳು.

"ಸಾಹೇಬ್ರೇ, ಇದು ಯಾವ ಮಟ್ಟ?"

"ಎದೆಮಟ್ಟ ಬಾಯೋರೇ. ನೀವೇ ಬರೆದದ್ದು."

"ಯಾರ ಎದೆಮಟ್ಟ?"

"ನಂದೇ. ಮತ್ತೆ ಯಾರದ್ದು?"

ಅವಳು ಪಾಂಡುವಿನ ಕಡೆ ತಿರುಗಿದಳು. ಅವನು ಕಂಕುಳ ಕೆಳಗೆ ಕೈ ಇಟ್ಟು ತೋರಿಸಿದ. ಸಾಹೇಬರ ಟೇಪಿಗಿಂತ ಒಂದು ಗೇಣು ಕೆಳಗೆ. ತನ್ನ ಮಟ್ಟ ಅದಕ್ಕಿಂತಲೂ ಕೆಳಗೆ. ಬುಡಕ್ಕೆ ಹತ್ತಿರವಾದಷ್ಟೂ ದಪ್ಪ, ಮೇಲೆ ಹೋದಷ್ಟೂ ಸಪೂರ. ಇದನ್ನು ಹೇಳಲು ವಿಜ್ಞಾನ ಪದವಿ ಬೇಕಿರಲಿಲ್ಲ. ಕುಳ್ಳಿಯಾದ ತಾನು ಮೊದಲು, ನಡುವಿನವ ಆಮೇಲೆ, ಉದ್ದದವರು ಕಡೆಗೆ. ಸರದಿಯೇ ಮರವನ್ನು ಸೊರಗಿಸಿತ್ತು.

"ನೆಲದಿಂದ ಎಷ್ಟು ಅಡಿ ಮೇಲೆ ಅಂತ ಒಂದು ಕಾಗದ ಬರೆದು ಕೇಳಬಾರದಿತ್ತಾ?" ಎಂದಳು. ಸಿಟ್ಟಿಗೆ ದನಿ ಸಣ್ಣಗಾಗಿತ್ತು.

ಪಾಂಡು ಕಟ್ಟೆಯ ಕಲ್ಲನ್ನು ಕಾಲಿನ ಹೆಬ್ಬೆರಳಿನಿಂದ ಕೆರೆದ. "ಕೇಳೂದು ಹೆಂಗೆ ಅಕ್ಕೋರೇ. ಮನೆತನಸ್ಥ ಹೆಂಗಸರಿಗೆ ಕಾಗದ ಬರೆದು, ನಿಮ್ಮ ಎದೆಮಟ್ಟ ಎಷ್ಟು ಅಂತ ಕೇಳೂದಾ? ನನ್ನ ಹೆಂಡ್ತಿ ಕಟ್ಟು ಬಿಚ್ಚಿ ಓದ್ತಾಳೆ."

"ನಾನು ಒಂದು ಸಲ ಬರೆದೆ," ಎಂದರು ಸಾಹೇಬರು. "ಬರೆದು ಹರಿದು ಹಾಕಿದೆ."

ಮಂಗಲಾಳ ಕಿವಿ ಬಿಸಿಯಾಯಿತು. ನಾಲ್ಕೂವರೆ ಅಡಿ ಎಂದು ಪುಸ್ತಕದಲ್ಲಿ ಇದ್ದದ್ದು ಅವಳಿಗೆ ಗೊತ್ತಿತ್ತು. ಅಷ್ಟೆತ್ತರಕ್ಕೆ ಟೇಪು ಹಿಡಿಯಲು ಅವಳು ಕೈ ಚಾಚಬೇಕಿತ್ತು, ಮೊದಲ ವರ್ಷ ಗಾಳಿ ಬೇರೆ. ಎದೆಮಟ್ಟ ಅಂದರೆ ಎದೆಮಟ್ಟ ಎಂದು ಹಿಡಿದು ಬಿಟ್ಟಿದ್ದಳು. ಇವರನ್ನು ಬೈಯಲು ಬಾಯಿ ತೆರೆದರೆ ಬೈಗುಳ ಅರ್ಧ ದಾರಿಯಿಂದ ತಿರುಗಿ ತನ್ನ ಕಡೆಗೇ ಬರುತ್ತಿತ್ತು.

"ಹಾಗಾದ್ರೆ ಹಿಂದಿನದೆಲ್ಲ ಕಸ," ಎಂದು ನಾಗಪತಿ ಕಾಗದ ಮಡಿಸತೊಡಗಿದ.

"ಬೆಳೆದದೆ ಅಂತ ಹೇಳಿಬಿಡಿ ಅಕ್ಕೋರೇ," ಎಂದು ಪಾಂಡು ಪಿಸುಗುಟ್ಟಿದ. "ಹಕ್ಕಿ ಉಳೀತದೆ. ಯಾರಿಗೆ ಎಂತ ನಷ್ಟ?"

"ಗೊತ್ತಿಲ್ಲದ್ದನ್ನ ಹೇಳೂದಿಲ್ಲ," ಎಂದಳು. ತಲೆಯೆತ್ತಿ ಒಮ್ಮೆ ಗೂಡು ನೋಡಿದಳು. ಅಲ್ಲಿಂದ ಒಣ ಕಡ್ಡಿಯೊಂದು ಬಿತ್ತು, ಅಷ್ಟೆ. ಮತ್ತೆ ಕಾಗದದ ಕಡೆ ನೋಡಿದಳು. ಪಾಂಡುವಿನ ಅಂಕಿಯನ್ನು ಸಾಹೇಬರ ಅಂಕಿಗೆ ಹಿಡಿದದ್ದೇ ತಪ್ಪು. ಪಾಂಡುವಿನದ್ದನ್ನು ಪಾಂಡುವಿನದ್ದಕ್ಕೇ ಹಿಡಿದರೆ?

"ತಡೀರಿ. ಮಡಚಬೇಡಿ." ಅವಳು ಕಾಗದದ ಮೇಲೆ ಬೆರಳಿಟ್ಟಳು. "ಇವರ ಎತ್ತರ ಎರಡು ವರ್ಷದಲ್ಲಿ ಬದಲಾಗಲಿಲ್ಲ, ಕಟ್ಟೆಯೂ ಅದೇ. ಆಗ ಇನ್ನೂರ ತೊಂಬತ್ತೇಳು, ಈಗ ಇನ್ನೂರ ತೊಂಬತ್ತೆಂಟೂವರೆ. ಸಾಹೇಬ್ರದ್ದು ಹೋದ ವರ್ಷ ಇನ್ನೂರ ತೊಂಬತ್ತೊಂದು, ಈಗ ತೊಂಬತ್ತೆರಡು."

"ಅದ್ರಲ್ಲಿ ಒಂದು ಬೆರಳು ಕೊಸರು ಬಿಟ್ಟಿದ್ದೇನೆ," ಎಂದರು ಸಾಹೇಬರು.

ಮಂಗಲಾ ಕಣ್ಣು ಮುಚ್ಚಿದಳು. "ಕೊಸರು?"

"ಗಿರಾಕಿಗೆ ಅಳತೆಯ ಮೇಲೆ ಒಂದು ಬೆರಳು ಬಿಡೂದು ನಮ್ಮ ಪದ್ಧತಿ. ಕೈಗೆ ಅಭ್ಯಾಸ, ತಾನಾಗಿ ಬಿಡ್ತದೆ."

"ಮರ ನಿಮ್ಮ ಗಿರಾಕಿಯಾ?" ಎಂದ ಪಾಂಡು.

"ಹೋದ ವರ್ಷವೂ ಬಿಟ್ಟಿದ್ರಾ?" ಎಂದು ಮಂಗಲಾ ಹಲ್ಲು ಕಚ್ಚಿ ಕೇಳಿದಳು.

"ಎಂದೂ ತಪ್ಪಿಸಿದವನಲ್ಲ."

"ಹಾಗಾದ್ರೆ ಅಡ್ಡಿಯಿಲ್ಲ. ಎರಡರಲ್ಲೂ ಅದೇ ಬೆರಳು."

ನಾಗಪತಿ ಅವಳನ್ನೇ ನೋಡುತ್ತಿದ್ದ. "ಇನ್ನು ನಿಮ್ಮದು," ಎಂದ. "ನಿಮ್ಮದು ಇಳಿದಿದ್ರೆ ಇವರದ್ದು ಹೇಳಿ ಪ್ರಯೋಜನವಿಲ್ಲ. ಒಪ್ಪಿಗೆಯಾ?"

ಒಪ್ಪಿಗೆ ಎಂದಳು. ಬೇರೆ ಹೇಳುವುದಕ್ಕಿರಲಿಲ್ಲ. ಚಪ್ಪಲಿ ಕೆಳಗೇ ಬಿಟ್ಟಿದ್ದಳು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಮೂರು ವರ್ಷದ ಹಿಂದೆ ಹಿಡಿದಂತೆಯೇ ಟೇಪನ್ನು ಕಂಕುಳಿಗೆ ತಾಗಿಸಿ ಹಿಡಿದು, ಮರ ಸುತ್ತಿ ಬಂದಳು. ಬೀರ ತುದಿ ಒತ್ತಿ ಹಿಡಿದ. ಅವಳು ಓದಲಿಲ್ಲ. "ನೀವೇ ಓದಿ," ಎಂದು ನಾಗಪತಿಗೆ ಬಿಟ್ಟಳು.

ನಾಗಪತಿ ಬಗ್ಗಿ ನೋಡಿದ, ಟೇಪಿನ ಮೇಲೆ ಉಗುರಿಟ್ಟು ಇನ್ನೊಮ್ಮೆ ನೋಡಿದ.

"ಮುನ್ನೂರ ನಾಲ್ಕೂವರೆ."

ಮುನ್ನೂರ ಎರಡಕ್ಕೆ ಎರಡೂವರೆ ಹೆಚ್ಚು. ಪಾಂಡು ಲೆಕ್ಕ ಹಾಕಿ ಬಾಯಿ ತೆರೆಯುವಷ್ಟರಲ್ಲಿ ಮಂಗಲಾ ಅವನನ್ನು ಕಣ್ಣಿನಲ್ಲೇ ತಡೆದಳು. ನಾಗಪತಿ ಕಾಗದ ಮಡಿಸಿ ಟೊಪ್ಪಿಯೊಳಗೆ ಇಟ್ಟ. ದೋಣಿಯ ಅಡಿಗೆ ಮರ ಹುಡುಕಲು ಇನ್ನು ಮಿರ್ಜಾನದ ಕಡೆ ತಿರುಗಬೇಕು ಎಂಬ ಬೇಸರ ಅವನ ಮುಖದಲ್ಲಿ ಚೆನ್ನಾಗಿಯೇ ಕಾಣುತ್ತಿತ್ತು. ಆದರೂ ಮಾತು ಮಾತೇ.

"ಬೀರಾ, ಮನೆಗೆ ಹೋಗಿ ಕಟ್ಟಿಗೆ ಒಡಿ," ಎಂದ. ಮಂಗಲಾಳ ಕಡೆ ತಿರುಗಿ, "ಬರೂ ವರ್ಷ ಮತ್ತೆ ಮೂರು ತರದ ಮರ ತೋರಿಸಿದ್ರೆ ನಾನು ಯಾರನ್ನೂ ಕೇಳೂದಿಲ್ಲ," ಎಂದ.

ಇನ್ನು ಎಲ್ಲರೂ ಒಂದೇ ಮಟ್ಟದಲ್ಲಿ ಅಳೆಯಲೆಂದು ಮರಕ್ಕೆ ಗೆರೆ ಎಳೆಯಲು, ದೋಣಿಗೆ ಬಳಿಯುವ ಡಾಂಬರು ಅವನೇ ತರಿಸಿಕೊಟ್ಟ. ಯಾವ ಎತ್ತರಕ್ಕೆ ಗೆರೆ ಎಳೆಯುವುದು ಎಂಬುದಕ್ಕೆ ಮತ್ತೆ ಕಾಲು ಗಂಟೆ ಜಗಳವಾಯಿತು. ಪುಸ್ತಕದ ಪ್ರಕಾರ ನಾಲ್ಕೂವರೆ ಅಡಿಯೇ ಸರಿ ಎಂದು ಪಾಂಡು. ಅದು ಹೆಚ್ಚುಕಮ್ಮಿ ಅವನ ಕಂಕುಳಿಗೇ ಬರುತ್ತಿತ್ತು. ಬಗ್ಗಿ ಅಳೆದರೆ ಸೊಂಟ ಹಿಡಿಯುತ್ತದೆ ಎಂದು ಸಾಹೇಬರು. ಎಲ್ಲಕ್ಕಿಂತ ಹಳೆಯ ಅಂಕಿ ತನ್ನದು, ಆದ್ದರಿಂದ ಗೆರೆ ತನ್ನ ಮಟ್ಟಕ್ಕೇ ಎಂದು ಮಂಗಲಾ ಹೇಳಿ, ಇಬ್ಬರ ಮುಖವನ್ನೂ ನೋಡದೆ, ಮರಕ್ಕೆ ಒತ್ತಿ ನಿಂತು ಕಂಕುಳಿನ ನೇರಕ್ಕೆ ತಾನೇ ಗೆರೆ ಎಳೆದಳು. ಸೆರಗಿನ ಅಂಚಿಗೆ ಡಾಂಬರು ತಾಗಿತು. ಅದು ಯಾವ ಸೋಪಿಗೂ ಹೋಗುವುದಿಲ್ಲ ಎಂದು ಸಾಹೇಬರು ತಿಳಿಸಿದರು.

"ಈಗ ಕಟ್ಟೆಯಿಂದ ಗೆರೆಗೆ ಎಷ್ಟು ಅಂತ ಅಳೀರಿ," ಎಂದು ಟೇಪನ್ನು ಅವರ ಕೈಗೆ ಕೊಟ್ಟಳು. "ಕೊಸರು ಬಿಡಬೇಡಿ."

ಮೀರಾನ್ ಸಾಹೇಬರು ಕೂತು, ಕನ್ನಡಕ ಸರಿಮಾಡಿಕೊಂಡು, ಟೇಪಿನ ಮೇಲಿಂದ ಆ ಒಂದು ಬೆರಳನ್ನು ಕಷ್ಟಪಟ್ಟು ತೆಗೆದು ಓದಿದರು. ಮಂಗಲಾ ಬರೆದುಕೊಂಡಳು: ಬಾಡ, ಹೊನ್ನೆ ಮರ, ಕಟ್ಟೆಯಿಂದ ಗೆರೆಗೆ ೧೧೬ ಸೆಂಟಿಮೀಟರ್.