ಗೌರೀಶನ ಪಾಳಿ

"ಈಗಿನ ರಾಕ್ಷಸ ಕಾಯೂದಿಲ್ಲ ಮಗನ, ಹೊಡೀತಾನ," ಎಂದ ಸಂದೀಪ.

ಹೊಡೆದೇಬಿಟ್ಟಿದ್ದ. ಟಿವಿಯ ಪರದೆಯಲ್ಲಿ ಗೌರೀಶನ ಯೋಧ ಮೊಣಕಾಲೂರಿ, ಮುಂದಕ್ಕೆ ಬಾಗಿ, ಉಪ್ಪಿನ ನೆಲದ ಮೇಲೆ ಮುಖವಿಟ್ಟು ಮಲಗಿದ. ಗೌರೀಶ ವಿಡಿಯೋ ಗೇಮಿನ ಕಂಟ್ರೋಲರನ್ನು ಎರಡೂ ಕೈಯಲ್ಲಿ ಹಿಡಿದೇ ಇದ್ದ. ಕತ್ತಿಯೋ ಗುರಾಣಿಯೋ ಎಂದು ಇನ್ನೂ ಯೋಚಿಸುತ್ತಿದ್ದ.

"ನಾ ಇನ್ನೂ ವಿಚಾರ ಮಾಡಾಕತ್ತಿದ್ದೆ."

"ಅದನ್ನ ಹೇಳಾಕತ್ತೇನಿ. ವಿಚಾರ ಮಾಡೂ ಆಟ ಅಲ್ಲಿದು."

ಯರಗಟ್ಟಿ ಬಸ್‌ಸ್ಟ್ಯಾಂಡಿನ ಎದುರಿಗೆ ಸಂದೀಪನ ಮೊಬೈಲ್ ರಿಪೇರಿ ಅಂಗಡಿ. ಅದರ ಮೇಲಿನ ಕೋಣೆಯಲ್ಲಿ ಮೂವರು ಗೆಳೆಯರು ಚಾಪೆ ಹಾಸಿಕೊಂಡು ಕುಳಿತಿದ್ದರು. ಸಾಗರ ಬೈಲಹೊಂಗಲದಿಂದ ಬೈಕಿನಲ್ಲಿ ಬಂದಿದ್ದ. ಅಲ್ಲಿ ಅವನದು ಬೀಜ-ಗೊಬ್ಬರದ ಅಂಗಡಿ. ಗೌರೀಶ ರಾಮದುರ್ಗದಲ್ಲಿ ಪಿಯು ಕಾಲೇಜಿನ ಉಪನ್ಯಾಸಕ, ರಾಜ್ಯಶಾಸ್ತ್ರ. ಅವನು ಬೆಳಗಿನ ಬಸ್ಸು ಹಿಡಿದು ಬಂದಿದ್ದ. ಭಾನುವಾರ. ಕೆಳಗೆ ರಸ್ತೆಯಲ್ಲಿ ಸವದತ್ತಿ ಗುಡ್ಡಕ್ಕೆ ಹೊರಟ ಗಾಡಿಗಳು ಒಂದರ ಹಿಂದೊಂದು ಹಾರ್ನ್ ಹಾಕುತ್ತಿದ್ದವು.

ಗೌರೀಶ ಬರಬಾರದಿತ್ತು. ನಸುಕಿನಲ್ಲಿ ಮಗಳು ಪೂರ್ಣಿಗೆ ದಮ್ಮು ಎದ್ದಿತ್ತು. ಹಾಸಿಗೆಯ ಮೇಲೆ ಎದ್ದು ಕುಳಿತು, ಮುಂಗೈ ಊರಿ, ಹೆಗಲನ್ನೇ ಮೇಲೆ ಕೆಳಗೆ ಮಾಡಿ ಅವಳು ಉಸಿರೆಳೆಯುತ್ತಿದ್ದಳು. ಗಂಟಲಿನಿಂದ ಸೀಟಿಯಂಥ ಸಣ್ಣ ಸದ್ದು. ಗೌರೀಶ ಬಾಗಿಲಲ್ಲಿ ನಿಂತು ನೋಡಿದ್ದ. ಉಸಿರಿನ ಪಂಪು ಕೊಟ್ಟವಳು, ಬೆನ್ನು ನೀವಿದವಳು ಹೆಂಡತಿ ನಾಗರತ್ನಾ. "ಈಗ ಅಡ್ಡಿಯಿಲ್ಲ, ಹೋಗಿ ಬರ್ರಿ," ಎಂದೂ ಅವಳೇ ಅಂದಳು. ಬುತ್ತಿಗೆ ರೊಟ್ಟಿ ಕಟ್ಟುತ್ತ, ಅವನಿಗೆ ಇಷ್ಟವೆಂದು ನಂಚಿಕೊಳ್ಳಲು ಶೇಂಗಾ ಹಿಂಡಿಯನ್ನೂ ಮರೆಯದೆ ಇಟ್ಟಳು. ಬಸ್ಸಿನಲ್ಲಿ ಕುಳಿತ ಮೇಲೂ ಆ ಸೀಟಿ ಅವನ ಕಿವಿಯಲ್ಲಿತ್ತು. ಇಳಿದು ಹಿಂದಿರುಗಲೇ ಎಂದು ನಡುದಾರಿಯ ಕಟಕೋಳದವರೆಗೂ ಯೋಚಿಸಿದ್ದ. ಅಷ್ಟರಲ್ಲಿ ಕಟಕೋಳ ದಾಟಿತ್ತು.

ಆಟ ಹಳೆಯದು. ಬೈಲಹೊಂಗಲದಲ್ಲಿ ಸಂದೀಪನ ಕಾಕಾನ ಸಿಡಿ ಅಂಗಡಿಯಿದ್ದಾಗಿನದು. ಅದರ ಹೆಸರು ಜಪಾನಿ ಅಕ್ಷರದಲ್ಲಿತ್ತಾದ್ದರಿಂದ ಆಗಿನ್ನೂ ಹುಡುಗರಾಗಿದ್ದ ಈ ಮೂವರು ತಾವೇ ಉಪ್ಪಿನಕೋಟಿ ಎಂದು ಕರೆದರು. ಕೋಟೆಯೊಳಗೆ ಹೋಗುವವರು ಮೂವರು: ಒಬ್ಬ ಯೋಧ, ಒಬ್ಬಳು ವೈದ್ಯೆ, ಒಬ್ಬ ಕಳ್ಳ. ಇವರೂ ಮೂವರು. ಹೀಗಾಗಿ ಒಂದೇ ಆಟವನ್ನು ಪಾಲು ಮಾಡಿಕೊಂಡಿದ್ದರು. ಯೋಧ ಗೌರೀಶನದು, ವೈದ್ಯೆ ಸಾಗರನದು, ಕಳ್ಳ ಸಂದೀಪನದು. ಕಾಳಗದಲ್ಲಿ ಒಬ್ಬರ ನಂತರ ಒಬ್ಬರ ಪಾಳಿ. ಯಾರ ಪಾಳಿಯೋ ಅವನು ಆಯ್ಕೆ ಮಾಡುವವರೆಗೆ ರಾಕ್ಷಸನೂ ಕೈ ಎತ್ತುವಂತಿರಲಿಲ್ಲ, ನಿಂತಲ್ಲೇ ತೂಗಾಡುತ್ತಿದ್ದ. ಅವರದೇ ಇನ್ನೊಂದು ಕಾಯ್ದೆಯಿತ್ತು. ಒಬ್ಬನ ಪಾಳಿಯಿದ್ದಾಗ ಉಳಿದಿಬ್ಬರು ಉಸಿರೆತ್ತಬಾರದು, ಬುದ್ಧಿ ಹೇಳಬಾರದು.

ಒಮ್ಮೆ ಗೌರೀಶನ ಪಾಳಿಯಲ್ಲಿ ಅವನ ಅವ್ವ ಊಟಕ್ಕೆ ಕರೆಕಳಿಸಿದಳು. ಅವನು ಎದ್ದು ಹೋಗಿ, ಉಂಡು, ನಿದ್ದೆ ಮಾಡಿ, ಸಂಜೆ ಬಂದ. ಗೆಳೆಯರಿಬ್ಬರೂ ಗುಂಡಿ ಮುಟ್ಟಿರಲಿಲ್ಲ. ರಾಕ್ಷಸ ಹಾಗೆಯೇ ತೂಗಾಡುತ್ತ ನಿಂತಿದ್ದ. ಅಂದು ಆ ಹುಡುಗನಿಗೆ ಆದ ನೆಮ್ಮದಿಯನ್ನು ಮುಂದೆ ಯಾವ ಪುಸ್ತಕವೂ, ಯಾವ ನೌಕರಿಯೂ ಕೊಡಲಿಲ್ಲ. ಜಗತ್ತು ತನ್ನ ಪಾಳಿಗೆ ಕಾಯುತ್ತದೆ ಎಂದು ಅವನು ನಂಬಿದ. ನಂಬಿಕೊಂಡೇ ಮೂವತ್ತೆಂಟು ದಾಟಿದ.

ಈಗ ಅದೇ ಆಟವನ್ನು ಕಂಪನಿಯವರು ಹೊಸದಾಗಿ ಮಾಡುತ್ತಿದ್ದರು. ರುಚಿ ನೋಡಲೆಂದು ಒಂದು ತುಣುಕು ಬಿಟ್ಟಿದ್ದರು. ಮೂವರೂ ಕೂಡಿಯೇ ನೋಡಬೇಕೆಂದು ಮಾತಾಗಿತ್ತು. ಹೊಸದರ ಕಾಳಗದಲ್ಲಿ ಮಾತ್ರ ಪಾಳಿ ಇಲ್ಲ. ಅಭಿಮಾನಿಗಳ ಆನ್‌ಲೈನ್ ಗುಂಪಿನಲ್ಲಿ ತಿಂಗಳಿಂದ ಇದೇ ಜಗಳ.

"ಗುಂಪಿನ್ಯಾಗ ಈ ಗೌರೀಶ ಬರದದ್ದು ನೋಡಿಯೇನ?" ಸಂದೀಪ ಸಾಗರನ ಕಡೆ ತಿರುಗಿದ. "ಇಷ್ಟುದ್ದ. ಪಾಳಿ ಅಂದ್ರ ಸಭ್ಯತಾ ಅಂತ. ವೈರಿಗೂ ಮಾತಾಡಾಕ ಅವಕಾಶ ಕೊಡೂದು ಅಂತ. ಮೆಕ್ಸಿಕೊದವ ಒಬ್ಬ ಕೇಳ್ಯಾನ, ಈ ಮನಿಷಾ ಪಾದ್ರಿ ಏನು ಅಂತ."

ಸಾಗರ ನಕ್ಕ. "ಖರೇ ಬರದಾನ ಬಿಡಲೇ. ನನಗೂ ಹಳೇದ ಚಲೋ ಅನಸ್ತೈತಿ. ಆದ್ರ ಹಳೇ ಪದ್ಧತಿ ಅಂತ ಒಂದು ಆಯ್ಕೆ ಇದರಾಗೂ ಇಟ್ಟಾರಂತಲ್ಲ?"

"ಅದು ಮುದುಕರಿಗೆ."

"ಮತ್ತ ನಾವು ಯಾರು?"

ಗೌರೀಶ ನಗಲಿಲ್ಲ. "ಯೋಚನೆ ಮಾಡಾಕ ಜಾಗಾ ಇಲ್ದಿದ್ರ ಅದು ಕಾಳಗ ಅಲ್ಲ, ಅಪಘಾತ," ಎಂದ. ತರಗತಿಯಲ್ಲಿ ಹೇಳುವ ಧ್ವನಿಯಲ್ಲೇ ಹೇಳಿದ.

"ದಿನಾ ನನ್ನ ಅಂಗಡ್ಯಾಗ ಬಂದು ನಿಂದ್ರಲೇ ಸರ. ಗಿರಾಕಿ ಕಾಯ್ತಾನೇನ ನಿನ್ನ ಯೋಚನಾಕ್ಕ?"

ಕೆಳಗಿನ ಚಹಾ ಅಂಗಡಿಯ ಸೋಮವ್ವ ಕಿಟ್ಲಿ ಹಿಡಿದು ಮೆಟ್ಟಿಲೇರಿ ಬಂದಳು. ಇಬ್ಬರು ಕಪ್ಪು ಎತ್ತಿಕೊಂಡರು. ಗೌರೀಶ ಪರದೆ ನೋಡುತ್ತಿದ್ದ. ಸೋಮವ್ವ ಒಂದು ಗಳಿಗೆ ಅವನ ಮುಖ ನೋಡಿ, ಅವನ ಕಪ್ಪಿನ ಮೇಲೆ ಬಶಿಯನ್ನು ಮುಚ್ಚಿಟ್ಟು ಹೋದಳು. ಆರಬಾರದೆಂದು.

ಆಗ ನಾಗರತ್ನಾಳ ಫೋನ್ ಬಂತು.

"ರೀ, ಮತ್ತ ಹೆಚ್ಚಾಗೈತ್ರಿ. ಎರಡ ಸಲ ಪಂಪ್ ಕೊಟ್ಟೆ, ಕಡಿಮಿ ಆಗವಲ್ದು. ಇಲ್ಲೇ ತೋರಿಸ್ಲೊ, ಬೈಲಹೊಂಗಲದ ಡಾಕ್ಟರ್ ಕಡೆ ಕರ್ಕೊಂಡ ಹೋಗ್ಲೊ?"

ಅವಳ ಮಾತಿನ ಹಿಂದೆ ಸೀಟಿ ಕೇಳುತ್ತಿತ್ತು. ಫೋನಿನದಿರಬಹುದು ಎಂದುಕೊಂಡ. ಅಲ್ಲವೆಂದು ಗೊತ್ತಿತ್ತು.

"ಸ್ವಲ್ಪ ತಡಿ. ವಿಚಾರ ಮಾಡಿ ಹೇಳತೇನಿ."

"ಲಗೂನ ಹೇಳ್ರಿ."

ಊರಿನ ದವಾಖಾನೆ ಹತ್ತಿರ, ಆದರೆ ಭಾನುವಾರ ಡಾಕ್ಟರು ಇರುತ್ತಾರೋ ಇಲ್ಲವೋ. ಬೈಲಹೊಂಗಲದ ಡಾಕ್ಟರಿಗೆ ಮಗುವಿನ ಪ್ರಕೃತಿ ಗೊತ್ತು, ಆದರೆ ಯರಗಟ್ಟಿ ಮೇಲೆ ಹಾದು ಹೋಗುವ ದಾರಿ ದೂರ. ದಾರಿಯಲ್ಲಿ ಏನಾದರೂ ಆದರೆ? ಊರಲ್ಲೇ ಕುಳಿತು ಏನಾದರೂ ಆದರೆ? ಎರಡು ಆಯ್ಕೆಗಳು ಆಟದ ಪರದೆಯಲ್ಲಿನಂತೆ ಅವನ ಮುಂದೆ ಚೌಕಟ್ಟು ಹಾಕಿ ನಿಂತವು. ಬೆರಳು ಒಂದರಿಂದ ಇನ್ನೊಂದಕ್ಕೆ, ಮತ್ತೆ ಮೊದಲನೆಯದಕ್ಕೆ. ತಾನು ಹೇಳಿದ್ದೇ ತಪ್ಪಾದರೆ ಜನ್ಮವಿಡೀ ಆ ತಪ್ಪು ತನ್ನದು.

ಸಾಗರ ಆಗಲೇ ಬೈಕಿನ ಕೀಲಿ ತೆಗೆದು ಅವನ ಮುಂದೆ ಹಿಡಿದಿದ್ದ. "ತಗೋ ದೋಸ್ತ. ಇಲ್ಲಾ ನಾನ ಬಿಟ್ಟು ಬರತೇನಿ, ನಡಿ."

"ಎಲ್ಲಿಗಿ ಹೋಗೂದು? ಆಕಿ ಎಲ್ಲಿರ್ತಾಳಂತ ಗೊತ್ತಾಗ್ಲಿ."

"ನೀ ಹೇಳಿದಲ್ಲೆ ಇರ್ತಾಳಲೇ."

ಸಾಗರ ಕೀಲಿಯನ್ನು ಚಾಪೆಯ ಮೇಲೆ, ಅವನ ಮೊಣಕಾಲಿನ ಬಳಿ ಇಟ್ಟ. ಇಬ್ಬರೂ ಮಾತು ನಿಲ್ಲಿಸಿದರು. ಹಳೆಯ ಕಾಯ್ದೆ ಅವರಿಗೆ ತಾನಾಗಿಯೇ ನೆನಪಾಗಿತ್ತೇನೋ. ಅವರಾಗಿ ಯಾರಾದರೂ ರಟ್ಟೆ ಹಿಡಿದು ಎಬ್ಬಿಸಬಾರದೇ ಎಂದು ಅವನಿಗೆ ಅನ್ನಿಸಿತು. ಪರದೆಯಲ್ಲಿ ಸತ್ತ ಯೋಧ ಇನ್ನೂ ಮಲಗಿದ್ದ.

ಮುಕ್ಕಾಲು ತಾಸಿನ ಮೇಲೆ ಫೋನ್ ಮತ್ತೆ ಬಂದಾಗಲೂ ಚೌಕಟ್ಟುಗಳು ಹಾಗೆಯೇ ಇದ್ದವು. ನಾಗರತ್ನಾಳ ಧ್ವನಿ ಮಾತ್ರ ಬದಲಾಗಿತ್ತು. ಗಾಳಿಯ ಸದ್ದಿನ ನಡುವೆ ಅದು ಅತಿ ಶಾಂತವಾಗಿತ್ತು.

"ನಾವು ಕಟಕೋಳ ದಾಟಿ ಭಾಳ ಹೊತ್ತಾತ್ರಿ. ಲಗಮಣ್ಣ ಸರ್ ತಮ್ಮ ಗಾಡಿ ತಗದ್ರು. ಯರಗಟ್ಟಿ ಸಮೀಪ ಬಂದೇವಿ. ನೀವು ಬಸ್‌ಸ್ಟ್ಯಾಂಡ್ ಮುಂದ ರಸ್ತಾಕ್ಕ ನಿಂದರ್ರಿ, ಕೂಡಿ ಹೋಗೋಣು. ಭಾಳ ಹೊತ್ತು ನಿಲ್ಲಾಕ ಆಗೂದಿಲ್ರಿ."

ಲಗಮಣ್ಣ ಎದುರು ಮನೆಯವರು, ಅದೇ ಕಾಲೇಜಿನ ಇತಿಹಾಸದ ಉಪನ್ಯಾಸಕರು. ವರ್ಷಗಳಿಂದ ಊಟಕ್ಕೆ ಕರೆಯುತ್ತಿದ್ದರು. "ಒಂದಿನ ಬರತೇವ್ರಿ ಸರ," ಎಂದು ಗೌರೀಶ ಪ್ರತಿ ಸಲವೂ ಅಂದಿದ್ದ. ಯಾಕೆ ಹೋಗಿರಲಿಲ್ಲವೆಂದು ಅವನೂ ಕೇಳಿಕೊಂಡಿರಲಿಲ್ಲ, ಅವರೂ ಕೇಳಿರಲಿಲ್ಲ.

"ಗಾಡಿ ತಗೊಂಡು ಬರಾಕತ್ತಾರಂತ," ಎಂದು ಅವನು ಎದ್ದ. ಚೀಲ ಒಯ್ಯಲೋ ಬೇಡವೋ ಎಂದು ನಿಂತ. ಬಿಟ್ಟು ಕೆಳಗಿಳಿದ. ಮೆಟ್ಟಿಲು ಇಕ್ಕಟ್ಟು, ಕತ್ತಲೆ. ಕೊನೆಯಲ್ಲಿ ಬಾಗಿಲಿನಷ್ಟೇ ಅಗಲದ ಬೆಳಕು, ಅದರಾಚೆ ರಸ್ತೆ. ಅಲ್ಲೇ ಕೊನೆಯ ಮೆಟ್ಟಿಲ ಮೇಲೆ ನಿಂತ. ಕಾರು ಕಂಡೊಡನೆ ಹೊರಗೆ ಕಾಲಿಟ್ಟರೆ ಸಾಕು.

ಕಾರು ಕಂಡಿತು. ಬಿಳಿಯದು, ಧೂಳು ಮುಚ್ಚಿದ್ದು. ರಸ್ತೆಯಂಚಿಗೆ ನಿಂತಿತು. ಹಿಂದಿನ ಕಿಟಕಿಯ ಗಾಜು ಇಳಿದಿತ್ತು. ನಾಗರತ್ನಾಳ ತೊಡೆಯ ಮೇಲೆ ಪೂರ್ಣಿ ನೆಟ್ಟಗೆ ಕುಳಿತಿದ್ದಳು. ಹೆಗಲು ಮೇಲೆ, ಕೆಳಗೆ. ಮೇಲೆ, ಕೆಳಗೆ. ಬಾಯಿ ತೆರೆದಿತ್ತು. ತುಟಿ ನೀಲಿಯಾಗಿದೆಯೋ ಇಲ್ಲವೋ ಇಲ್ಲಿಂದ ಕಾಣುತ್ತಿರಲಿಲ್ಲ. ಹತ್ತಿರ ಹೋದರೆ ಕಾಣುತ್ತದೆ.

ಹತ್ತಿರ ಹೋದರೆ ಕಾಣುತ್ತದೆ ಎಂಬುದೊಂದೇ ಅವನ ತಲೆಯಲ್ಲಿ ಉಳಿಯಿತು.

ಲಗಮಣ್ಣ ಇಳಿದು, ಹಣೆಗೆ ಕೈ ಅಡ್ಡ ಹಿಡಿದು, ಆಚೆ ಈಚೆ ಹುಡುಕಿದರು. ಗೌರೀಶನ ಕಿಸೆಯಲ್ಲಿ ಫೋನು ನಡುಗಿತು. ಸದ್ದು ಬರದಂತೆ ಅವನು ಯಾವಾಗ ಅದನ್ನು ಒತ್ತಿದ್ದನೋ ನೆನಪಿಲ್ಲ. ಮುಂದೆ ಕೂರಬೇಕೋ ಹಿಂದೆಯೋ. ಮಗುವಿನ ಹತ್ತಿರವಾದರೆ ಹಿಂದೆ, ಆದರೆ ಗಾಳಿ ಸಾಲದು. ಲಗಮಣ್ಣನವರಿಗೆ ಮೊದಲು ಏನು ಹೇಳಬೇಕು? ಕಾಲು ಎತ್ತಬೇಕು, ಈಗ, ಎಂದು ಅವನಿಗೆ ಬಹಳ ಸ್ಪಷ್ಟವಾಗಿ ಗೊತ್ತಿತ್ತು. ಕಾಲು ಬೇರೆಯವರದಾಗಿತ್ತು.

ಲಗಮಣ್ಣ ಸೋಮವ್ವನನ್ನು ಏನೋ ಕೇಳಿದರು. ಅವಳು ಮೆಟ್ಟಿಲ ಕಡೆ ಕೈ ತೋರಿದಳು. ಅಷ್ಟರಲ್ಲಿ ಕಾರಿನಿಂದ ನಾಗರತ್ನಾ ಕೂಗಿದಳು. ಏನೆಂದು ಅವನಿಗೆ ಕೇಳಲಿಲ್ಲ. ಲಗಮಣ್ಣ ಓಡಿ ಹೋಗಿ ಕುಳಿತರು. ಕಾರು ಬೈಲಹೊಂಗಲದ ಕಡೆಗೆ ಧೂಳೆಬ್ಬಿಸಿ ಹೋಯಿತು.

ಹೋದ ಮೇಲೆ ಕಾಲು ಕೆಳಗಿಳಿಯಿತು.

"ಅಯ್ಯ ಸರ, ಈಗರ ಹೋದ್ರಲ್ರಿ!" ಸೋಮವ್ವ ಒಲೆ ಬಿಟ್ಟು ಓಡಿ ಬಂದಳು. "ನಿಮ್ಮ ಮನಿಯವರ ಹೌದಲ್ಲ? ಓಡ್ರಿ, ಬೈಲಹೊಂಗಲ ಬಸ್ ನಿಂತೈತಿ. ಏ ಕಂಡಕ್ಟರಪ್ಪಾ, ಒಂದೀಟ ತಡಿಯಪ್ಪಾ, ಸರ ಬರ್ತಾರ!"

ಹೊರಟಿದ್ದ ಬಸ್ಸು ನಿಂತಿತು. ಕಂಡಕ್ಟರು ಬಾಗಿಲಲ್ಲಿ ಬಾಗಿ, ಬರ್ರಿ ಬರ್ರಿ ಎಂದು ಕೈ ಮಾಡಿದ. ಕಿಟಕಿಯ ಬಳಿಯ ಮುದುಕಿಯೊಬ್ಬಳು ತನ್ನ ಗಂಟನ್ನು ತೊಡೆಗೆಳೆದುಕೊಂಡು ಪಕ್ಕದಲ್ಲಿ ಜಾಗ ಮಾಡಿದಳು. ಎಲ್ಲರೂ ಅವನನ್ನೇ ನೋಡುತ್ತಿದ್ದರು.

"ಅವರಲ್ಲ," ಎಂದ ಗೌರೀಶ. "ಬ್ಯಾರೆ ಯಾರೋ."

ಸೋಮವ್ವ ಅವನ ಮುಖ ನೋಡಿದಳು. ಕಂಡಕ್ಟರು ಸೀಟಿ ಊದಿದ.

ಮೇಲೆ ಬಂದಾಗ ಸಂದೀಪ ಕೇಳಿದ, "ಗಾಡಿ ಬಂತೇನಲೇ?"

"ಇನ್ನೂ ಇಲ್ಲ."

"ಬರೂತನಕಾ ಕುಂದ್ರು. ಮುಖ ನೋಡಿಕೊ, ಹೆಂಗಾಗೈತಿ. ಏನೂ ಆಗೂದಿಲ್ಲಲೇ ಆಕಿಗಿ." ಸಂದೀಪ ಕಂಟ್ರೋಲರನ್ನು ಅವನ ಕೈಗೆ ಕೊಟ್ಟ. ಸಮಾಧಾನಕ್ಕೆ ಅವನಿಗೆ ಬೇರೇನೂ ತೋಚಿರಲಿಲ್ಲ. "ನಿನ್ನ ಸಲುವಾಗಿ ಹಳೇ ಪದ್ಧತಿಗಿ ಹಾಕೇನಿ. ಹೆಸರೂ ಮೊದಲಿನದ ಇಟ್ಟೇನಿ, ನೋಡು."

ಪರದೆಯ ಮೂಲೆಯಲ್ಲಿ ಗೌರೀಶ ಎಂದಿತ್ತು, ಇಂಗ್ಲಿಷ್ ಅಕ್ಷರಗಳಲ್ಲಿ.

ರಾಕ್ಷಸ ಬಂದ. ಗೌರೀಶ ಗುಂಡಿ ಒತ್ತಲಿಲ್ಲ. ಯೋಧ ತಾನೇ ಪಕ್ಕಕ್ಕೆ ಸರಿದ, ತಾನೇ ಗುರಾಣಿ ಎತ್ತಿದ, ಸಂದು ನೋಡಿ ಕತ್ತಿ ಬೀಸಿದ. ಒಂದೂ ತಪ್ಪಲಿಲ್ಲ.

"ನಾ ಏನೂ ಮಾಡಾಕತ್ತಿಲ್ಲ," ಎಂದ ಗೌರೀಶ.

"ಹೂಂ, ಇದ ಹಳೇ ಪದ್ಧತಿ ಅಂತ," ಎಂದ ಸಾಗರ, ಫೋನಿನಲ್ಲಿ ಗುಂಪಿನ ಮಾತು ಓದುತ್ತ. "ನೀ ಸುಮ್ನಿದ್ರ ಅದು ತಂತಾನ ಕಾದಾಡತೈತಂತ. ನೀ ಬೇಕಾದಾಗ ಹೇಳಬೇಕು. ಹೇಳ್ದಿದ್ರೂ ನಡೀತೈತಂತ." ಓದಿ ಮುಗಿಸಿ ತಲೆ ಎತ್ತಿದ. "ಗಾಡಿ ಇನ್ನೂ ಬಂದಿಲ್ಲೇನು? ಫೋನ್ ಮಾಡಲೇ."

ಗೌರೀಶ ಫೋನನ್ನು ಕಿಸೆಯಿಂದ ತೆಗೆದು ಚಾಪೆಯಾಚೆ ಕಲ್ಲಿನ ನೆಲದ ಮೇಲಿಟ್ಟ. ಅದರ ಪಕ್ಕಕ್ಕೆ ಕಂಟ್ರೋಲರನ್ನೂ ಇಟ್ಟ. ಬಶಿ ಎತ್ತಿ ಚಹಾ ನೋಡಿದ. ಕೆನೆ ಕಟ್ಟಿತ್ತು.

ಪರದೆಯಲ್ಲಿ ರಾಕ್ಷಸ ಯೋಧನ ಗುರಾಣಿಗೆ ಅಪ್ಪಳಿಸಿದ. ನೆಲದ ಮೇಲೆ ಕಂಟ್ರೋಲರು ಗರ್ರೆಂದು ನಡುಗಿ ತುಸು ಸರಿಯಿತು. ಪಕ್ಕದ ಫೋನೂ ನಡುಗಿತು. ಅದರ ಮೇಲೆ ನಾಗರತ್ನಾಳ ಹೆಸರು ಹೊತ್ತಿತು. ಎರಡೂ ನಡುಗುತ್ತ, ಬೆನ್ನು ಮಗುಚಿದ ಹುಳಗಳಂತೆ, ಒಂದರ ಕಡೆಗೊಂದು ಸರಿಯತೊಡಗಿದವು. ಗೆಳೆಯರಿಬ್ಬರೂ ಮಾತು ನಿಲ್ಲಿಸಿದರು. ಯಾರೂ ಮುಟ್ಟಲಿಲ್ಲ. ಅವನ ಪಾಳಿ.

ರಾಕ್ಷಸ ಬಿದ್ದ. ಉಪ್ಪಿನ ಬಯಲಿನಲ್ಲಿ ಗೌರೀಶನೆಂಬ ಹೆಸರಿನ ಯೋಧ ಒಬ್ಬನೇ ನಿಂತ. ಅವನ ಹೆಗಲು ಮೇಲೇರುತ್ತಿತ್ತು, ಕೆಳಗಿಳಿಯುತ್ತಿತ್ತು. ಮೇಲೆ, ಕೆಳಗೆ. ಮೇಲೆ, ಕೆಳಗೆ. ಸದ್ದಿಲ್ಲದ, ಎಂದೂ ತಪ್ಪದ ಉಸಿರು. ಗೌರೀಶ ಅದನ್ನೇ ನೋಡುತ್ತ ಕುಳಿತ. ನೆಲದ ಮೇಲಿನ ಫೋನಿನ ನಡುಕ ಒಮ್ಮೆ ನಿಂತಿತು, ಮತ್ತೆ ಶುರುವಾಯಿತು.