ಸುಹ್ರೋಬನ ಪೋಪ್ಲರ್ ಬೇರು

"ಕೊಡಲಿ ಬೇಡ, ಗುದ್ದಲಿ ಕೊಡು," ಎಂದು ಹಮ್ರೊ ಗುಂಡಿಯೊಳಗಿಂದಲೇ ಹೆಂಡತಿಯತ್ತ ಕೈ ಚಾಚಿದ. "ಬುಡ ಕಡಿದ್ರೆ ಸಾಲದು ಕಣೇ, ಬೇರನ್ನೇ ಕೀಳಬೇಕು. ಒಂದು ಗೇಣು ಉಳಿದ್ರೂ ಮತ್ತೆ ಚಿಗುರಿ ಕೂತ್ಕೊಳ್ಳುತ್ತೆ."

ಸವ್ರಿ ಗುದ್ದಲಿ ಕೊಟ್ಟಳು. ಕೊಡುವಾಗ ಮೂಲೆಯಲ್ಲಿದ್ದ ಚಿಗುರಿನ ಮೇಲೆ ಕಾಲಿನಿಂದ ಒಂದಿಷ್ಟು ಮಣ್ಣು ತಳ್ಳಿ ಮುಚ್ಚಿದಳು. ಗಂಡ ಅದನ್ನು ಕಂಡೂ ಕಾಣದವನ ಹಾಗೆ ಬಗ್ಗಿ ಅಗೆಯತೊಡಗಿದ.

ಮಗ ಸುಹ್ರೋಬ್ ಹುಟ್ಟಿದ ವಸಂತದಲ್ಲಿ ಹಮ್ರೊ ಕಾಲುವೆಯಂಚಿಗೆ ನೆಟ್ಟ ಪೋಪ್ಲರ್ ಮರಗಳ ಸಾಲು ಅದು. ಗಂಡುಮಗು ಹುಟ್ಟಿದರೆ ಪೋಪ್ಲರ್ ನೆಡಬೇಕು, ಅವನ ಮದುವೆಯ ಹೊತ್ತಿಗೆ ಅವು ಹೊಸ ಮನೆಯ ತೊಲೆಗಳಾಗಬೇಕು; ಈ ಊರಲ್ಲಿ ಇದನ್ನು ಯಾರೂ ಯಾರಿಗೂ ಹೇಳಿಕೊಡುವುದಿಲ್ಲ. ಮರಗಳು ತೊಲೆಯ ಗಾತ್ರಕ್ಕೆ ಬರುವ ಮೊದಲೇ ಹುಡುಗ ಜ್ವರದಲ್ಲಿ ಹೋಗಿಬಿಟ್ಟ. ಮಣ್ಣು ಕೊಟ್ಟು ಬಂದ ದಿನವೇ ಹಮ್ರೊ ಕೊಡಲಿ ಎತ್ತಿಕೊಂಡು ಇಡೀ ಸಾಲನ್ನು ಕೆಡವಿದ. ಯಾರೂ ತಡೆಯಲಿಲ್ಲ. ತಡೆಯಬೇಕಿತ್ತು. ಉಳಿದ ಬುಡಗಳು ಪ್ರತಿ ವಸಂತಕ್ಕೂ ನಾಚಿಕೆಯಿಲ್ಲದೆ ಚಿಗುರಿದವು. ಪಾತ್ರೆ ತೊಳೆದ ನೀರನ್ನೆಲ್ಲ ಸವ್ರಿ ಅವಕ್ಕೇ ಸುರಿಯುತ್ತ ಬಂದಳು.

ಈಗ ಮೈದುನನ ಮನೆಯಲ್ಲಿ ಮೊಮ್ಮಗ ಹುಟ್ಟಿದ್ದಾನೆ. ಅಣ್ಣತಮ್ಮಂದಿರ ಪಾಲಾಗದ ತೋಟದಲ್ಲಿ ಪೋಪ್ಲರಿಗೆ ಬೇಕಾದ ತೇವವಿರುವುದು ಆ ಅಂಚಿನಲ್ಲಿ ಮಾತ್ರ. ಸತ್ತವನ ಬೇರುಗಳ ನಡುವೆ ಹಸುಗೂಸಿನ ಮರ ನೆಡಲು ಯಾರಿಗೆ ಧೈರ್ಯ ಬಂದೀತು?

ಮಧ್ಯಾಹ್ನ ಓರಗಿತ್ತಿ ಬಿಬಿಜೋನ್ ಬಿಸಿ ರೊಟ್ಟಿಯನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಬಂದಳು.

"ಬೈಕೋಬೇಡ ಅಕ್ಕಾ. ಮಗು ಒಂದೇ ಸಮ ಅಳುತ್ತೆ. ಸೊಸೆ ಏನೇನೋ ಅಂತಾಳೆ. ಬೇರುಗಳ್ನೆಲ್ಲಾ ತೆಗೆದಾಯ್ತಾ?"

"ಅದರ ಹೊಟ್ಟೆನೋವಿಗೂ ನನ್ನ ಮಗನೇ ಕಾರಣಾನಾ?" ಎಂದಳು ಸವ್ರಿ. "ನಿನ್ನ ಸೊಸೆ ಬಾಣಂತಿ ಬಾಯಲ್ಲಿ ಹುಳಿ ಜರ್ದಾಳು ಕಾಯಿ ಕಡಿಯೋದನ್ನ ಊರೇ ನೋಡಿದೆ."

ಬಿಬಿಜೋನ್ ನಕ್ಕಳು, ನಗುತ್ತಲೇ ಕಣ್ಣೊರೆಸಿಕೊಂಡಳು. "ನಾನೂ ಅದನ್ನೇ ಅಂದೆ, ಕೇಳ್ತಾಳಾ? ರೊಟ್ಟಿ ಮುಟ್ಟಿ ಒಂದು ಮಾತು ಹೇಳಿಬಿಡು. ಏನೂ ಉಳಿದಿಲ್ಲ ಅಂತ. ಅಷ್ಟು ಸಾಕು."

ರೊಟ್ಟಿ ಮುಟ್ಟಿ ಸುಳ್ಳಾಡುವವರು ಆ ಊರಲ್ಲಿ ಇಲ್ಲ. ಸವ್ರಿಗೆ ಮೈಯೆಲ್ಲ ಉರಿಯಿತು. ಆದರೆ ಸುಹ್ರೋಬನ ಹಣೆಯ ಮೇಲೆ ಒದ್ದೆ ಬಟ್ಟೆ ಬದಲಾಯಿಸುತ್ತ, ಕೊನೆಯ ಉಸಿರಿನವರೆಗೂ ಪಕ್ಕದಿಂದ ಏಳದೆ ಕೂತಿದ್ದವಳು ಇದೇ ಬಿಬಿಜೋನ್. ಇವಳಿಗೆ ಹೇಗೆ ಇಲ್ಲವೆನ್ನುವುದು?

"ಸ್ವಲ್ಪ ಇರು," ಎಂದು ಸವ್ರಿ ಮೂಲೆಗೆ ಹೋದಳು. ಮಣ್ಣು ಸರಿಸಿ ಚಿಗುರನ್ನು ಬುಡಸಮೇತ ಹಿಡಿದೆಳೆದಳು. ಬರಲಿಲ್ಲ. ಹಮ್ರೊ ಗುದ್ದಲಿ ತಂದ. ಅವಳು ಅವನನ್ನು ಹತ್ತಿರ ಬಿಡಲಿಲ್ಲ. ಬೆರಳುಗಳಿಂದಲೇ ಕೆದಕಿ ಕಿತ್ತಳು. ಆಮೇಲೆ ಕೈ ತೊಳೆದುಕೊಂಡು ರೊಟ್ಟಿ ಮುಟ್ಟಿದಳು.

"ಏನೂ ಉಳಿದಿಲ್ಲ."

ಬಿಬಿಜೋನ್ ಅವಳನ್ನು ತಬ್ಬಿಕೊಂಡು ಹೋದಳು. ಗಂಡಹೆಂಡಿರು ಆ ರೊಟ್ಟಿಯನ್ನೇ ಮುರಿದು ತಿಂದರು.

ಸಂಜೆ ಮಗುವಿಗೊಂದು ಹೊದಿಕೆ ಕೊಡೋಣವೆಂದು ಸವ್ರಿ ಸುಹ್ರೋಬನ ಕೋಣೆಯ ಬೀಗ ತೆಗೆದಳು. ಅವನು ಹೋದಮೇಲೆ ಆ ಕಿಟಕಿ ತೆರೆದವರಿಲ್ಲ. ಗೋಡೆಗೊತ್ತಿ ಪೇರಿಸಿದ್ದ ಕೌದಿಗಳನ್ನು ಒಂದೊಂದಾಗಿ ಎತ್ತಿಟ್ಟಳು. ಹಿಂದೆ ನೆಲದ ಬಿರುಕಿನಿಂದ ಒಂದು ಚಿಗುರು ಗೋಡೆಗುಂಟ ಮೇಲೆದ್ದಿತ್ತು. ಬಿಸಿಲು ಕಾಣದೆ ಮೊಳಕೆಯಂತೆ ಬೆಳ್ಳಗಿತ್ತು, ಹುಡುಗನ ತೋಳಿನಷ್ಟು ಉದ್ದ.

ರೊಟ್ಟಿ ಮುಟ್ಟಿ ಆಡಿದ ಮಾತು ಅವಳಿಗೆ ನೆನಪಾಯಿತು. ಆದರೂ ಯಾರಿಗೂ ಹೇಳಲಾರೆ, ಇದೊಂದು ಇರಲಿ, ಇದೊಂದೇ, ಎಂದುಕೊಳ್ಳುತ್ತ ಮುಟ್ಟಿದಳು.

ಚಿಗುರು ಬೆರಳಿನ ಮೇಲೆ ಜೋತುಬಿತ್ತು. ತುದಿಯ ಎಲೆಗಳು ಆಗಲೇ ಮುದುಡಿದ್ದವು. ಈ ಗೋಡೆಯ ಹೊರಗೇ ಹಮ್ರೊ ಮೊನ್ನೆ ಕಾಲುವೆಯಂಚಿನಿಂದ ಹಬ್ಬಿ ಬಂದ ಬೇರೊಂದನ್ನು ತೋಳುದ್ದ ಕಡಿದಿದ್ದ. ಗುದ್ದಲಿ ಹರಿತಮಾಡಿ ಕೊಟ್ಟವಳು ಅವಳೇ. ಇಷ್ಟು ವರ್ಷ ಇದು ಮನೆಯೊಳಗೇ ಇತ್ತು, ಅವಳು ಹೊರಗೆ ನೀರು ಸುರಿಯುತ್ತಿದ್ದಳು.

"ಹೊದಿಕೆ ಸಿಕ್ತೇನೇ?" ಅಂಗಳದಿಂದ ಹಮ್ರೊ ಕೂಗಿದ.

"ಹುಡುಕ್ತಾ ಇದ್ದೀನಿ."

ಸವ್ರಿ ಕಿಟಕಿ ತೆರೆದಳು. ಅಡುಗೆಮನೆಯಿಂದ ಒಂದು ಬಟ್ಟಲು ನೀರು ತಂದು ಬಿರುಕಿಗೆ ನಿಧಾನವಾಗಿ ಹೊಯ್ದಳು. ಒಣನೆಲ ಗುಳುಗುಳು ಎಂದು ಕುಡಿದುಬಿಟ್ಟಿತು. ಅವಳು ಇನ್ನೊಂದು ಬಟ್ಟಲು ತರಲು ಎದ್ದಳು.