ಬ್ರೇಕ್ ಒತ್ತಿದ ಕಾಲು

ಯಾರ ನಡಿಗೆಯನ್ನಾದರೂ ಒಮ್ಮೆ ನೋಡಿದರೆ ಸಾಕು, ಟೈಲರಕ್ಕ ಅದನ್ನು ಹಾಗೇ ಮಾಡಿ ತೋರಿಸಿಬಿಡುತ್ತಿದ್ದಳು. ವರ್ಷಗಟ್ಟಲೆ ಅಳತೆ ತೆಗೆದು ಬಂದ ವಿದ್ಯೆ ಅದು. ಯಾರ ಭುಜ ಯಾವ ಕಡೆ ಇಳಿದಿದೆ, ಅಳತೆ ಕೊಡುವಾಗ ಯಾರು ಉಸಿರು ಹಿಡಿದು ಹೊಟ್ಟೆ ಒಳಗೆಳೆದುಕೊಳ್ಳುತ್ತಾರೆ, ಎಲ್ಲ ಅವಳ ಕಣ್ಣಿಗೆ ಟೇಪಿಗಿಂತ ಮೊದಲೇ ಸಿಗುತ್ತಿತ್ತು. ಬಟ್ಟೆ ನಾಲ್ಕು ದಿನ ತಡವಾದರೂ ಗಿರಾಕಿಗಳು ಜಗಳವಾಡದೆ ಹೋಗುತ್ತಿದ್ದರೆ ಅದು ಹೊಲಿಗೆಯ ಚಂದಕ್ಕಲ್ಲ, ಈ ಅಣಕಕ್ಕೆ.

ಮೆಷಿನ್ ಮುಂದೆ ಬಗ್ಗಿ ಬಗ್ಗಿ ಅವಳ ಬಲಭುಜ ಹಿಡಿದುಕೊಂಡಾಗ, ಡಾಕ್ಟರು ಲೈಬ್ರರಿಯ ಮೇಲಿನ ಹಾಲ್‌ಗೆ ಕಳಿಸಿದರು. ಅಲ್ಲಿ ಪ್ರತಿ ಶನಿವಾರ ಸಂಜೆ ಮೈಮನಸ್ಸಿನ ನೋವು ಇಳಿಸಿಕೊಳ್ಳಲು ಎಂಟು ಜನ ಸೇರಿ ಚಿತ್ರ ಬರೆಯುತ್ತಿದ್ದರು, ಮೈ ಕುಣಿಸುತ್ತಿದ್ದರು. "ಕುಣಿದ್ರೆ ನೋವು ಹೋಗೋದಾದ್ರೆ ಮಾತ್ರೆ ಯಾಕೆ ಮಾಡಿದ್ದಾರಂತೆ?" ಎಂದು ಗೊಣಗುತ್ತಲೇ ಹೋದವಳು ಒಂದು ವಾರವೂ ತಪ್ಪಿಸಲಿಲ್ಲ.

ನಡೆಸುತ್ತಿದ್ದ ಮೇಡಂ ಎರಡೇ ಕಟ್ಟುಪಾಡು ಹಾಕಿದ್ದರು. ಒಬ್ಬರು ನಡುವೆ ನಿಂತು, ತಮ್ಮ ಮೈಯಲ್ಲಿ ಸಿಕ್ಕಿಕೊಂಡಿರುವುದನ್ನು ಮಾತಿಲ್ಲದೆ ತೋರಿಸಬೇಕು. ಉಳಿದವರು ಅದನ್ನೇ, ಹೆಚ್ಚು ಕಡಿಮೆ ಮಾಡದೆ, ಮಾಡಿ ತೋರಿಸಬೇಕು. ಇದು ಒಂದು. ಮೆಟ್ಟಿಲಿಳಿದ ಮೇಲೆ ಅದರ ಬಗ್ಗೆ ಯಾರೂ ಬಾಯಿ ಬಿಡಬಾರದು. ಇದು ಇನ್ನೊಂದು.

ಐದನೆಯ ಶನಿವಾರ ಗುಂಪಿನಲ್ಲಿದ್ದ ಬಸ್ ಡ್ರೈವರ್ ನಡುವೆ ಬಂದ. ನಾಲ್ಕು ತಿಂಗಳ ಹಿಂದೆ ಅವನ ಬಸ್ಸಿಗೆ ಸೈಕಲ್ಲಿನವನೊಬ್ಬ ಅಡ್ಡಬಂದು ಸತ್ತಿದ್ದ. ಡ್ರೈವರದ್ದು ತಪ್ಪಿಲ್ಲವೆಂದು ವಿಚಾರಣೆಯಲ್ಲಿ ತೀರ್ಮಾನವಾಗಿದ್ದರೂ ಅವನು ಮತ್ತೆ ಸ್ಟೀರಿಂಗ್ ಮುಟ್ಟಿರಲಿಲ್ಲ. ಅವನು ಕುರ್ಚಿಯಲ್ಲಿ ಕೂತು, ಕಣ್ಣು ಮುಚ್ಚಿ, ಬ್ರೇಕ್ ಹಾಕುವವನಂತೆ ಬಲಗಾಲನ್ನು ನೆಲಕ್ಕೆ ಒತ್ತಿದ. ಮತ್ತೆ ಮತ್ತೆ ಒತ್ತಿದ. ಉಳಿದ ಏಳು ಜನವೂ ಕೂತು ಒತ್ತಿದರು. ಟೈಲರಕ್ಕನ ಕಣ್ಣಲ್ಲೂ ನೀರು ಬಂತು, ಅದು ಸುಳ್ಳಲ್ಲ. ಅವನು ಬಿಕ್ಕಿ ಬಿಕ್ಕಿ ಅತ್ತು, ಹೊರಡುವಾಗ, "ಸೋಮವಾರ ಡ್ಯೂಟಿಗೆ ಹೋಗ್ತೀನಿ ಮೇಡಂ" ಎಂದ.

ಭಾನುವಾರ ಟೈಲರಕ್ಕನ ನಾದಿನಿ ಕೋಟಿನ ಅಳತೆ ಕೊಡಲು ಬಂದಳು. ಟೈಲರಕ್ಕ ಮರುಕದಿಂದಲೇ ಶುರು ಮಾಡಿದಳು. "ಪಾಪ ಕಣೇ, ಹೀಗೆ ಒತ್ತುತ್ತಾನೆ" ಎಂದು ಸ್ಟೂಲಿನ ಮೇಲೆ ಕೂತು ಒತ್ತಿದಳು. ಅವಳ ಕಣ್ಣುಗುಡ್ಡೆ ಹೊರಳಿದ ರೀತಿಗೆ ನಾದಿನಿಗೆ ನಗು ಬಂತು. ನಗು ಕಂಡರೆ ಟೈಲರಕ್ಕ ಸುಮ್ಮನಿರುವವಳೇ? ಗಲ್ಲ ನಡುಗಿಸಿ, ಕಾಲು ಎತ್ತೆತ್ತಿ ಹಾಕಿ, ಇನ್ನೆರಡು ಸಲ ಮಾಡಿದಳು. ನಾದಿನಿ ಹೊಟ್ಟೆ ಹಿಡಿದುಕೊಂಡು ನಕ್ಕಳು.

ನಾದಿನಿಯ ಗಂಡ ಆ ಡ್ರೈವರನ ಡಿಪೋದಲ್ಲೇ ಕಂಡಕ್ಟರ್. ಸೋಮವಾರ ಡ್ರೈವರ್ ಯೂನಿಫಾರಂ ಹಾಕಿ ಡಿಪೋಗೆ ಬಂದು ಬಸ್ಸಿನ ಕೀ ತೆಗೆದುಕೊಂಡಾಗ ಬೆಂಚಿನ ಮೇಲಿದ್ದ ನಾಲ್ಕೈದು ಜನ ಒಟ್ಟಿಗೆ ನೆಲಕ್ಕೆ ಕಾಲು ಒತ್ತಿದರು. ಅವನು ಕೀ ವಾಪಸ್ ಕೊಟ್ಟು ಮನೆಗೆ ಹೋದ. ನಾದಿನಿ ಇದನ್ನು ಫೋನಿನಲ್ಲಿ ನಗುತ್ತಲೇ ಹೇಳಿದಾಗ ಟೈಲರಕ್ಕ ಅರ್ಧದಲ್ಲೇ ಫೋನ್ ಇಟ್ಟುಬಿಟ್ಟಳು.

ಶನಿವಾರ ಹಾಲ್‌ನಲ್ಲಿ ಅವನ ಕುರ್ಚಿ ಖಾಲಿಯಿತ್ತು. ಡಿಪೋದ ಸುದ್ದಿ ಅಷ್ಟರಲ್ಲಿ ಎಲ್ಲರ ಕಿವಿಗೂ ಬಿದ್ದಿತ್ತು. ಎಲ್ಲರ ಕಣ್ಣೂ ಗುಂಪಿನಲ್ಲಿದ್ದ ಪೇಪರ್ ಅಂಗಡಿಯವನ ಮೇಲೆ ಬಿತ್ತು. ಅವನ ಅಡ್ಡಹೆಸರೇ ರೇಡಿಯೋ. ಒಮ್ಮೆ ಬಾಯಿ ತೆರೆದರೆ ಆಫ್ ಆಗುವ ಗಿರಾಕಿಯಲ್ಲ. "ನನ್ನ ಮಕ್ಕಳಾಣೆ, ನಾನಲ್ಲ" ಎಂದು ಅವನು ಕೈಮುಗಿದ. ಯಾರೂ ನಂಬಲಿಲ್ಲ. ಟೈಲರಕ್ಕ ತಲೆ ತಗ್ಗಿಸಿ ಕಾರ್ಪೆಟ್ಟಿನ ಅಂಚು ಬಿಚ್ಚಿಕೊಂಡಿರುವುದನ್ನೇ ನೋಡುತ್ತಿದ್ದಳು. ಮುಂದಿನ ವಾರ ರೇಡಿಯೋ ಕೂಡ ಬರಲಿಲ್ಲ.

ಅಲ್ಲಿಂದ ಅವಳಿಗೆ ಅನ್ನ ರುಚಿಸಲಿಲ್ಲ. ಒಂದು ಕಮೀಜಿಗೆ ಎರಡೂ ಎಡತೋಳೇ ಹಚ್ಚಿದಳು. ಕೊಲೆಗಾತಿ ಎಂದು ಯಾರಾದರೂ ಬೈದಿದ್ದರೂ ಸಮಾಧಾನವಾಗುತ್ತಿತ್ತೇನೋ, ಎಲ್ಲರೂ "ಭುಜ ಹೇಗಿದೆ ಅಕ್ಕ?" ಎಂದು ಕೇಳುತ್ತಿದ್ದರು. ಕೊನೆಗೆ ಒಂದು ಮಧ್ಯಾಹ್ನ ಅಂಗಡಿಯ ಬಾಗಿಲೆಳೆದು ಡ್ರೈವರನ ಮನೆಗೆ ಹೋದಳು.

ಅವನ ಹೆಂಡತಿ ಬಾಗಿಲು ತೆರೆದು ಒಳಗೆ ಕರೆದಳು. ಡ್ರೈವರ್ ಊಟದ ಮೇಜಿನ ಬಳಿ ಗಡ್ಡ ಬಿಟ್ಟುಕೊಂಡು ಕೂತಿದ್ದ.

"ಅಣ್ಣಾ, ರೇಡಿಯೋ ಅಲ್ಲ. ಹೇಳಿದ್ದು ನಾನು. ನಮ್ಮ ನಾದಿನಿ ಮುಂದೆ, ಅಂಗಡೀಲಿ."

"ಹೇಳಿದ್ರಾ, ಮಾಡಿ ತೋರಿಸಿದ್ರಾ?"

"...ತೋರಿಸಿದೆ."

ಅವನು ಎದುರಿನ ಕುರ್ಚಿಯನ್ನು ಅವಳ ಕಡೆ ತಳ್ಳಿದ. "ಹೇಗೆ ಮಾಡಿದ್ರಿ, ನಾನೂ ನೋಡ್ತೀನಿ. ಮಾಡಿ."

"ಬೇಡ ಅಣ್ಣಾ, ಕೈ ಮುಗೀತೀನಿ."

"ಮಾಡಿ ಅಕ್ಕ."

ನೆಲ ಬಾಯಿಬಿಟ್ಟು ನುಂಗಬಾರದೇ ಎನ್ನಿಸಿತು. ಆದರೂ ಕೂತಳು. ಕಣ್ಣು ಹೊರಳಿಸಿದಳು, ಗಲ್ಲ ನಡುಗಿಸಿದಳು, ಕಾಲು ಎತ್ತಿ ಹಾಕಿದಳು. ಒಂದು, ಎರಡು, ಮೂರು. ಬಾಗಿಲ ಬಳಿ ನಿಂತಿದ್ದ ಹೆಂಡತಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಟೈಲರಕ್ಕ ನಿಲ್ಲಿಸಿದಳು.

ಡ್ರೈವರ್ ಅವಳ ಕಾಲನ್ನೇ ನೋಡುತ್ತಿದ್ದ. ಅವನ ದನಿಯಲ್ಲಿ ಕೋಪವಿರಲಿಲ್ಲ, ತಪ್ಪು ಹೊಲಿಗೆಯನ್ನು ತೋರಿಸುವವನಂತೆ ಹೇಳಿದ: "ಇಷ್ಟು ಬೇಗ ನಿಲ್ಲಿಸೋದಲ್ಲ ಅದು. ಬಸ್ಸು ಆಗಲೇ ನಿಂತಿತ್ತು. ಜನ ಇಳಿದು ಹೋಗಿದ್ರು. ಪೊಲೀಸರು ಬಂದು ನನ್ನ ಕಾಲು ಹಿಡಿದು ಎತ್ತೋವರೆಗೂ ಒತ್ತುತ್ತಾನೇ ಇದ್ದೆ."

ಅವಳು ಮತ್ತೆ ಒತ್ತಿದಳು. ಈ ಸಲ ಕಣ್ಣು ಹೊರಳಿಸಲಿಲ್ಲ, ಗಲ್ಲ ನಡುಗಿಸಲಿಲ್ಲ. ಮೀನಖಂಡ ಸೆಟೆದು, ತೊಡೆ ನಡುಗತೊಡಗಿತು. ಅವನು ಸಾಕು ಎನ್ನಲಿಲ್ಲ, ಸಾಕಾ ಎಂದು ಅವಳೂ ಕೇಳಲಿಲ್ಲ.